ಮಾಳಿಗೆಯ ಮೇಲಿನ ಕಾವಲು

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಜನ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಚಿಕ್ಕಂದಿನಿಂದಲೂ ವಿಮಾನವೆಂದರೆ ಪ್ರೀತಿಯಿತ್ತೇನು ಮೇಡಂ? ನನ್ನ ಜೊತೆಯ ಪೈಲಟ್‌ಗಳಿಗೆ ಇದಕ್ಕೆ ಉತ್ತರ ಸಿದ್ಧವಿರುತ್ತಿತ್ತು. ಒಬ್ಬರಿಗೆ ಮಾವ ತಂದುಕೊಟ್ಟ ಕೀಲಿ ಕೊಡುವ ವಿಮಾನ, ಇನ್ನೊಬ್ಬರಿಗೆ ನಿಲ್ದಾಣದ ಬೇಲಿಗೆ ಮುಖ ಆನಿಸಿ ನಿಂತ ಸಂಜೆ. ನಾನು ನಕ್ಕು ಹೌದು ಎಂದುಬಿಡುತ್ತಿದ್ದೆ. ನಿಜ ಹೇಳಲು ಕುಳಿತರೆ ಎದುರಿನವರ ಚಹಾ ಆರಿಹೋಗುತ್ತಿತ್ತು. ನಿಜವೆಂದರೆ, ನಮ್ಮ ಮನೆಯಲ್ಲಿ ವಿಮಾನವೆಂದರೆ ವೈರಿ. ಅದು ಬಂದಾಗ ಹಿತ್ತಾಳೆಯ ಗಂಗಾಳ, ಅಂದರೆ ಊಟದ ತಟ್ಟೆ, ಬಡಿದು ಓಡಿಸುವ ಕೆಲಸವನ್ನು ಊರು ನನಗೆ ಒಪ್ಪಿಸಿತ್ತು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಅಷ್ಟು ನಿಷ್ಠೆಯಿಂದ ನಾನು ಆಮೇಲೆ ಯಾವ ಕೆಲಸವನ್ನೂ ಮಾಡಿದಂತೆ ನೆನಪಿಲ್ಲ.

ಔರಾದ ತಾಲೂಕಿನ ಎಕಂಬಾದಲ್ಲಿ ನಮ್ಮದು ದಿಬ್ಬದ ಮೇಲಿನ ಮಣ್ಣಿನ ಮನೆ, ಮೇಲೆ ಸಮತಟ್ಟಾದ ಮಣ್ಣಿನ ಮಾಳಿಗೆ. ಮನುಷ್ಯರಿಗೆ ಎರಡು ಕೋಣೆ, ಕುರಿಗಳಿಗೆ ಅದರ ನಾಲ್ಕು ಪಟ್ಟು ಜಾಗ. ಮುಳ್ಳಿನ ಬೇಲಿಯ ದೊಡ್ಡಿ ಬಾಗಿಲಿನಿಂದಲೇ ಶುರುವಾಗುತ್ತಿತ್ತು, ನೆಂಟರು ಬಂದರೆ ಕುರಿಗಳನ್ನು ಸರಿಸಿಯೇ ಒಳಗೆ ಬರಬೇಕು. ಆ ವಾಸನೆ ನಮ್ಮ ರೊಟ್ಟಿಗೂ ಹತ್ತಿತ್ತು, ಕೂದಲಿಗೂ ಹತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡರೆ ನನಗೆ ಅದು ಯಾಕೆಂದೇ ತಿಳಿಯುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಒಲೆ, ಜೋಳ ತುಂಬುವ ಹಗೇವು, ಉಣ್ಣೆಯ ಮೂಟೆಗಳು. ಹೊರಗಿನ ಕೋಣೆಯಲ್ಲಿ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಗೋಡೆಗೆ ಒರಗಿ ಉಣ್ಣೆ ನೂಲುತ್ತಾ ಜಗತ್ತನ್ನು ಬೈಯುತ್ತಿದ್ದಳು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಅಪ್ಪ ಕುರಿ ಹೊಡೆದುಕೊಂಡು ತೆಲಂಗಾಣದ ಗದ್ದೆಗಳ ಕಡೆ ಹೋಗಿ ಮಳೆಗಾಲಕ್ಕೆ ಮರಳುತ್ತಿದ್ದ. ರಾತ್ರಿ ಹೊಲದಲ್ಲಿ ಕುರಿ ತಂಗಿಸಿದರೆ ಗೊಬ್ಬರವಾಗುತ್ತದೆಂದು ಅಲ್ಲಿನ ರೈತರು ಅಕ್ಕಿ ಕೊಡುತ್ತಿದ್ದರು. ಅವ್ವ ಮಾತ್ರ ಮನೆಯಲ್ಲೇ ಉಳಿಯುತ್ತಿದ್ದಳು. ಹೀಗಾಗಿ ಅಪ್ಪ ಹೋಗುವುದು ನನಗೆ ದೊಡ್ಡದಾಗಿ ಕಂಡಿರಲಿಲ್ಲ.

ಮಳೆ ಕೈಕೊಟ್ಟ ಆ ವರ್ಷ ಎಲ್ಲವೂ ತಲೆಕೆಳಗಾಯಿತು. ದಸರೆಗೆ ಮುಂಚೆಯೇ ಹುಲ್ಲು ಮುಗಿಯಿತು. ಊರಿನ ಅರ್ಧ ಮಂದಿ ಮುಂಬೈ, ಹೈದರಾಬಾದ ಎಂದು ಗಂಟು ಕಟ್ಟಿದರು. ಉಳಿದವರು ಸರ್ಕಾರದ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋದರು. ಪ್ರತಿ ವರ್ಷ ಕುರಿ ಹೊಡೆಯಲು ಜೊತೆಗೆ ಹೋಗುತ್ತಿದ್ದ ಆಳು ಮುಂಬೈಗೆ ಹೋದದ್ದರಿಂದ ಅಪ್ಪನ ಜೊತೆ ಅವ್ವನೇ ಹೊರಡಬೇಕಾಯಿತು. ನಾನೂ ಹೊರಟೆ, ನನ್ನ ಲಂಗವನ್ನು ಸುತ್ತಿ ಕಂಬಳಿಯಲ್ಲಿಟ್ಟುಕೊಂಡಿದ್ದೆ. ಅವ್ವ ಅದನ್ನು ತೆಗೆದು ಗೂಟಕ್ಕೆ ತೂಗುಹಾಕಿದಳು. ಆಯಿಗೆ ಕಣ್ಣು ಮಂಜಾಗಿತ್ತು, ಬಾವಿಯಿಂದ ಒಂದು ಕೊಡ ನೀರು ತರುವ ಕೈ ಬೇಕಿತ್ತು.

"ಆಯಿ ಒಬ್ಬಾಕಿನ ಬಿಟ್ಟು ಹೋದ್ರ ಹ್ಯಾಂಗವ್ವ ರುಕ್ಮಿ? ನೀ ಶಾಣ್ಯಾಕಿ ಅದಿ."

"ನೀ ಯಾವಾಗ ಬರ್ತಿ?"

"ಮಳಿ ಆತಂದ್ರ ಬರ್ತೇನಿ. ಮಳಿ ಬಿದ್ದ ಕೂಡ್ಲೇ ಬರ್ತೇನಿ ನೋಡು."

ಅವ್ವ ಆ ಮಾತನ್ನು ಸುಮ್ಮನೆ ಸಮಾಧಾನಕ್ಕೆ ಆಡಿರಬೇಕು. ನಾನು ಅದನ್ನು ದೇವರ ಮುಂದಿನ ಆಣೆಯಂತೆ ಹಿಡಿದುಕೊಂಡೆ. ಮಳೆ ಬಂದರೆ ಅವ್ವ ಬರುತ್ತಾಳೆ, ಮಳೆ ಬರದಿದ್ದರೆ ಬರುವುದಿಲ್ಲ. ಆ ದಿನದಿಂದ ನನಗೆ ಆಕಾಶದ ಹೊರತು ಬೇರೆ ಯಾವುದರ ಮೇಲೂ ಲಕ್ಷ್ಯವಿರಲಿಲ್ಲ. ಕುರಿಗಳು ಹೋದ ಮೇಲೆ ದೊಡ್ಡಿ ಖಾಲಿಯಾಯಿತು. ಅಷ್ಟು ದಿನ ಕಿವಿಗೆ ಬೀಳದೇ ಇದ್ದ ಸದ್ದು ನಿಂತಾಗಲೇ ಅದೊಂದು ಸದ್ದು ಇತ್ತೆಂದು ತಿಳಿದದ್ದು. ಬೆಳಿಗ್ಗೆ ಎದ್ದರೆ ಆಯಿಯ ಕೆಮ್ಮು, ನೂಲುವ ಕದರಿನ ಸಣ್ಣ ಕಿರ್ ಸದ್ದು, ಆಮೇಲೆ ಏನೂ ಇಲ್ಲ. ವಾಸನೆ ಕೂಡ ನಿಧಾನಕ್ಕೆ ಹೋಗಿಬಿಟ್ಟಿತು. ನಾನು ಒಣಗಿದ ಹಿಕ್ಕೆಯ ಮೇಲೆ ಕುಳಿತು ಮೂಸಿ ನೋಡುತ್ತಿದ್ದೆ. ಹುಡುಗರಿಗೆ ಬರುವ ದುಃಖಕ್ಕೆ ದೊಡ್ಡ ದೊಡ್ಡ ಹೆಸರು ಕೊಡುವುದು ನನಗೆ ಸೇರುವುದಿಲ್ಲ, ಆದರೆ ನನಗೆ ಆಗ ಅವ್ವ ಬೇಕಾಗಿತ್ತು, ಅಷ್ಟೇ.

ಆಯಿ ಪ್ರೀತಿ ತೋರಿಸುವ ಹೆಂಗಸಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುವ ಗಾದೆಯನ್ನು ಅವಳನ್ನು ನೋಡಿಯೇ ಮಾಡಿರಬೇಕು. ರೇಷನ್ ಅಂಗಡಿಯವನು ಕೊಡುತ್ತಿದ್ದ ಕೆಂಪು ಜೋಳದ ಹಿಟ್ಟು ಜಿಗಿಯೇ ಬಾರದೆ ಕೈಯಲ್ಲಿ ಒಡೆಯುತ್ತಿತ್ತು. ಆಯಿ ಅದಕ್ಕೆ ಬಿಸಿನೀರು ಹಾಕಿ ನಾದಿ, ಬೈದು, ಮತ್ತೆ ನಾದಿ, ಹೇಗೋ ತಟ್ಟುತ್ತಿದ್ದಳು. ಮೊದಲನೆಯ ರೊಟ್ಟಿ ಹೋದವರ ಪಾಲು. ಅದು ನಮ್ಮ ಮನೆಯ ರೂಢಿ: ಕುರಿಯ ಹಿಂದೆ ಹೋದವರ ಹೆಸರಿನಲ್ಲಿ ಒಂದು ರೊಟ್ಟಿ ತೆಗೆದು ಬುಟ್ಟಿಯ ಅಡಿಯಲ್ಲಿಡಬೇಕು, ಇಲ್ಲದಿದ್ದರೆ ಅವರಿಗೆ ದಾರಿಯಲ್ಲಿ ಹಸಿವು ತಪ್ಪುವುದಿಲ್ಲ. ಹಿಟ್ಟು ಕಡಿಮೆಯಾದಂತೆ ಆ ರೊಟ್ಟಿ ಅಂಗೈಯಷ್ಟಾಯಿತು, ಆಮೇಲೆ ರೂಪಾಯಿ ಬಿಲ್ಲೆಯಷ್ಟಾಯಿತು, ಆದರೆ ಆಯಿ ತಪ್ಪಿಸಲಿಲ್ಲ. ಮರುದಿನ ಬೆಳಿಗ್ಗೆ ಆ ತಂಗಳು ಚೂರನ್ನು ಹಸಿಖಾರ ಹಚ್ಚಿ ನನ್ನ ಬಾಯಿಗೆ ಹಾಕುತ್ತಿದ್ದಳು. ಅವ್ವನ ಪಾಲನ್ನು ನಾನು ತಿಂದರೆ ಅವ್ವನಿಗೆ ಹೇಗೆ ಹೊಟ್ಟೆ ತುಂಬುತ್ತದೆ ಎಂದು ಕೇಳಿದರೆ, "ಜರಾ ಸುಮ್ಕ ತಿನ್ನ ಪೋರಿ, ಸವಾಲ್ ಮಾಡಬ್ಯಾಡ" ಎನ್ನುತ್ತಿದ್ದಳು.

ವಿಮಾನದ ಸುದ್ದಿ ತಂದವನು ಕೆಳಗಿನ ಓಣಿಯ ಕಿರಾಣಿ ಅಂಗಡಿಯ ಮಾಣಿಕ ಕಾಕಾ. ಬೀದರಿನಲ್ಲಿ ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ನೆಲೆಯೊಂದಿತ್ತು. ಅಲ್ಲಿಂದ ಸಣ್ಣ ವಿಮಾನಗಳು ನಮ್ಮ ಮೇಲೆ ಬಂದು ಸುತ್ತು ಹಾಕಿ ಹೋಗುವುದು ಹೊಸದೇನಲ್ಲ. ಮಳೆ ಬೆಳೆ ಚೆನ್ನಾಗಿದ್ದಾಗ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಬರ ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ಮಾಣಿಕ ಕಾಕಾ ಕಮಲನಗರದ ಬಾಜಾರಿಗೆ ಹೋಗಿ, ಗಡಿಯಾಚೆಯ ವ್ಯಾಪಾರಿಗಳಿಂದ ಒಂದು ಮಾತು ಹೊತ್ತು ತಂದ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಉಳಿದಿದ್ದ ಮುದುಕರನ್ನೂ ಹೆಂಗಸರನ್ನೂ ಕೂಡಿಸಿಕೊಂಡು ಹೇಳಿದ:

"ಮೋಡ ಬರ್ತಾವ, ಮಳಿ ಯಾಕ ಬರವಲ್ದು? ಈ ವಿಮಾನ ಹೊಕ್ಕು ಒಡಿತಾವ್ರಿ. ಗಾಳಿ ಹೊಡದು ಮೋಡ ಚದುರಸ್ತಾವ. ಆ ಕಡಿ ಊರಾಗ ಮಂದಿ ಗಂಗಾಳ ಬಡದು ಓಡಸ್ಲಾಕತ್ತಾರ. ನಾವು ಸುಮ್ಕ ಕುಂತೇವಿ."

ಒಬ್ಬರೂ ನಗಲಿಲ್ಲ. ಈಗ ಓದುವವರು ನಗಬಹುದು. ಬಿತ್ತಿದ್ದು ಎರಡು ಸಲ ಒಣಗಿ, ಮೋಡ ತಲೆಯ ಮೇಲಿಂದಲೇ ಹಾದು ಹೋಗುವುದನ್ನು ದಿನವೂ ನೋಡಿದವರಿಗೆ ಬೈಯಲು ಒಂದು ಮುಖ ಬೇಕಾಗುತ್ತದೆ. ನಮ್ಮ ಮನೆ ದಿಬ್ಬದ ಮೇಲಿತ್ತು, ನನ್ನ ಕಿವಿ ಚುರುಕೆಂದು ಊರಿಗೆ ಗೊತ್ತಿತ್ತು. ಹಾಗಾಗಿ ಕಾವಲು ನನ್ನ ಪಾಲಿಗೆ ಬಂತು. ಮಾಣಿಕ ಕಾಕಾ ಒಂದು ಹಳೆಯ ಗಂಗಾಳವನ್ನೂ ಮರದ ಸೌಟನ್ನೂ ಕೈಗೆ ಕೊಟ್ಟು, ಜೊತೆಗೆ ಒಂದು ಚೂರು ಬೆಲ್ಲ ಕೊಟ್ಟ. ನಾನು ಮಾಳಿಗೆಯ ಮೇಲಿಂದ ಬಡಿದರೆ ಕೆಳಗಿನ ಓಣಿಗಳಲ್ಲಿ ಎಲ್ಲರೂ ಬಡಿಯಬೇಕು. ತಿಂಗಳುಗಟ್ಟಲೆ ಯಾರೂ ಮಾತಾಡಿಸದೇ ಇದ್ದವಳಿಗೆ ಊರೇ ಒಂದು ಕೆಲಸ ಹೇಳಿತೆಂಬ ಹಿಗ್ಗು. ಅದಕ್ಕಿಂತ ಹೆಚ್ಚಾಗಿ, ಮಳೆ ತರುವುದು, ಅಂದರೆ ಅವ್ವನನ್ನು ತರುವುದು, ಈಗ ನನ್ನ ಕೈಯಲ್ಲೇ ಇತ್ತು.

ಶಾಲೆ ಬಿಟ್ಟ ಕೂಡಲೇ ನಿಚ್ಚಣಿಕೆ ಹತ್ತುತ್ತಿದ್ದೆ. ಶಾಲೆಯಲ್ಲಿ ಮಕ್ಕಳೇ ಇಲ್ಲದ್ದರಿಂದ ಮಾಸ್ತರರು ಬೇಗ ಬಿಟ್ಟುಬಿಡುತ್ತಿದ್ದರು. ಮೊದಮೊದಲು ನನಗೆ ಕೇಳಿಸುತ್ತಿದ್ದದ್ದು ಬರೀ ಗುಂಯ್ ಎನ್ನುವ ಸದ್ದು. ಆಮೇಲೆ ಆ ಸದ್ದಿನೊಳಗೆ ಬೇರೆ ಬೇರೆ ಸದ್ದುಗಳಿವೆಯೆಂದು ತಿಳಿಯತೊಡಗಿತು. ಮೇಲೇರುವಾಗ ಅದು ಏದುಸಿರು ಬಿಡುತ್ತಿತ್ತು, ಇಳಿಯುವಾಗ ಹಗುರಾಗುತ್ತಿತ್ತು. ಕೆಲವೊಮ್ಮೆ ಸದ್ದು ಒಮ್ಮೆಲೇ ಸಣ್ಣದಾಗಿ, ವಿಮಾನ ಮೂಗು ತಗ್ಗಿಸಿ ಬೀಳುವಂತಾಗಿ, ಮತ್ತೆ ಜೀವ ಹಿಡಿದು ಏಳುತ್ತಿತ್ತು. ಆಗ ನನ್ನ ಕೈಯ ಸೌಟು ನಿಂತುಬಿಡುತ್ತಿತ್ತು. ಒಂದು ವಿಮಾನ ನೆಟ್ಟಗೆ ಸುತ್ತುತ್ತಿತ್ತು, ಇನ್ನೊಂದು ಪ್ರತಿ ತಿರುವಿನಲ್ಲೂ ಜಾರುತ್ತಿತ್ತು. ಅದರೊಳಗೊಬ್ಬ ದಡ್ಡ ಹುಡುಗನಿದ್ದಾನೆಂದೂ, ಪಕ್ಕದಲ್ಲಿ ಮಾಸ್ತರ ಕಿವಿ ಹಿಂಡುತ್ತಿದ್ದಾನೆಂದೂ ನಾನೇ ಕಲ್ಪಿಸಿಕೊಂಡಿದ್ದೆ. ಭಾನುವಾರ ಯಾರೂ ಬರುತ್ತಿರಲಿಲ್ಲ. ಇಡೀ ವಾರದಲ್ಲಿ ನನಗೆ ಅತಿ ಉದ್ದವಾದ ದಿನ ಅದೇ. ವೈರಿ ಬಾರದಿದ್ದರೆ ಖುಷಿಯಾಗಬೇಕು, ನನಗೆ ಅಳು ಬರುತ್ತಿತ್ತು. ಯಾಕೆಂದರೆ ಆ ದಿಬ್ಬದ ಮನೆಗೆ ತಪ್ಪದೇ ಬರುವವರು ಅವರೊಬ್ಬರೇ ಇದ್ದರು, ಬಂದ ಕೂಡಲೇ ಅವರನ್ನು ಅಟ್ಟುವವಳು ನಾನೇ ಆಗಿದ್ದೆ. ವಿಮಾನ ಬರಲಿ ಎಂದರೆ ಅವ್ವ ಬೇಡ ಎಂದಂತೆ. ಅವ್ವ ಬರಲಿ ಎಂದರೆ ಆಕಾಶ ಖಾಲಿ. ಅತ್ತ ದರಿ, ಇತ್ತ ಪುಲಿ. ಯಾರಿಗೆ ಹೇಳಿಕೊಳ್ಳುವುದು? ಆಯಿಗೆ ಹೇಳಿದ್ದರೆ ಸೌಟು ನನ್ನ ಬೆನ್ನಿಗೇ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಔರಾದ ಕಡೆಯಿಂದ ಮೋಡ ಎದ್ದಿತು. ಬುಡ ಕಪ್ಪು, ತಲೆ ಹತ್ತಿಯ ಹಾಗೆ. ಅದರ ಎದುರಿಗೆ ಬೀದರ ದಿಕ್ಕಿನಿಂದ ವಿಮಾನ ಬಂತು. ನಾನು ಬಡಿದೆ, ಊರು ಬಡಿಯಿತು. ಯಾರೋ ಹಸಿ ಕಸಕ್ಕೆ ಬೆಂಕಿ ಹಚ್ಚಿ ಹೊಗೆಯನ್ನೂ ಎಬ್ಬಿಸಿದರು. ವಿಮಾನ ಮೋಡದ ಕಡೆ ಹೋಯಿತು, ಹೋಯಿತು, ಇನ್ನೂ ಬಹಳ ದೂರವಿರುವಾಗಲೇ ರೆಕ್ಕೆ ವಾಲಿಸಿ ಸರಕ್ಕನೆ ತಿರುಗಿ ಬಂದ ದಾರಿ ಹಿಡಿಯಿತು. ಕೆಳಗೆ ಜನ ಗೆದ್ದವರಂತೆ ಕೂಗಿದರು. ನಾನು ಕೂಗಲಿಲ್ಲ. ಮೋಡ ತನ್ನ ಪಾಡಿಗೆ ತಾನು ಬಂದು, ನಮ್ಮ ತಲೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಒಂದು ಹನಿಯನ್ನೂ ಉದುರಿಸದೆ ಭಾಲ್ಕಿಯ ಕಡೆ ಹೋಯಿತು. ಅದನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಮೋಡವಿದ್ದ ದಿನಗಳಲ್ಲೆಲ್ಲ ಕಣ್ಣು ಕೀಲಿಸಿ ನೋಡಿದೆ. ಪ್ರತಿ ಸಲವೂ ಅದೇ: ಹೆದರಿ ತಿರುಗುತ್ತಿದ್ದದ್ದು ವಿಮಾನ, ಮೋಡವಲ್ಲ. ನಾನು ಕಂಡದ್ದು ತಪ್ಪಾಗಿರಲಿಲ್ಲ. ದೊಡ್ಡ ವಿಮಾನದ ಮುಂದಿನ ಕುರ್ಚಿಯಲ್ಲಿ ಕುಳಿತ ಅಷ್ಟೂ ವರ್ಷ ನಾನು ಗುಡುಗಿನ ಮೋಡ ಕಂಡರೆ ದೂರದಿಂದಲೇ ಸುತ್ತಿ ಹೋಗಿದ್ದೇನೆ. ನನಗಾಗಿ ಒಂದು ಮೋಡವೂ ಪಕ್ಕಕ್ಕೆ ಸರಿದಿಲ್ಲ.

ಕೆಳಗಿಳಿದು ಆಯಿಗೆ ಹೇಳಿದೆ.

"ಆಯಿ, ವಿಮಾನ ಮೋಡ ಒಡಿಯಂಗಿಲ್ಲ. ಮೋಡ ಕಂಡ್ರ ಅದೇ ಅಂಜಿ ಓಡ್ತದ. ನಾ ಕಣ್ಣಾರೆ ನೋಡೀನಿ."

"ಏನ್ ಬಡಬಡಸ್ತಿ? ಊರ ಮಂದಿಕಿಂತ ನೀ ಶಾಣ್ಯಾಕಿ ಆದಿ?"

"ಖರೇ ಆಯಿ. ನಾಳಿ ನೀನೂ ಮ್ಯಾಲ ಬಾ, ತೋರಸ್ತೇನಿ."

"ನನ್ನ ಕಣ್ಣಿಗಿ ನಿನ್ನ ಮಾರಿನೇ ಕಾಣವಲ್ದು, ಮೋಡ ಏನ್ ಕಾಣ್ತದ? ಆತು, ನಿಂದೇ ಖರೇ ಅಂತ ತಿಳಿ. ಹಂಗಾದ್ರ ಮಳಿ ಯಾಕ ಬರವಲ್ದು? ಅದನ್ನ ಹೇಳು."

ಆಯಿ ಕದರು ತಿರುಗಿಸುತ್ತಾ ಕಾಯುತ್ತಿದ್ದಳು, ನಿಜವಾಗಿಯೂ ಕಾಯುತ್ತಿದ್ದಳು. ನಾನು ದೊಡ್ಡಿಗೆ ಹೋಗಿ ಕುಳಿತೆ. ವಿಮಾನ ಕಾರಣವಲ್ಲವೆಂದರೆ ಯಾರೂ ಕಾರಣವಲ್ಲ. ನಾನು ಎಷ್ಟೇ ಬಡಿದರೂ ಮಳೆ ಬರುವುದಿಲ್ಲ, ಅವ್ವನೂ ಬರುವುದಿಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ. ಅವ್ವ ಹೋದ ದಿನಕ್ಕಿಂತ ಹೆಚ್ಚು ಒಂಟಿಯಾದೆನೆಂದು ನನಗೆ ಅನ್ನಿಸಿದ್ದು ಆವತ್ತು. ಎಲ್ಲರೂ ನಂಬಿದ್ದನ್ನು ಒಬ್ಬಳೇ ನಂಬದೇ ಇರುವುದು ದೊಡ್ಡವರಿಗೇ ಕಷ್ಟ, ನಾನಾದರೋ ಇನ್ನೂ ರಾತ್ರಿ ಆಯಿಯ ಸೆರಗು ಹಿಡಿದು ಮಲಗುವ ಹುಡುಗಿ.

ಮರುದಿನ ವಿಮಾನ ಬಂದಾಗ ನಾನು ಬಡಿಯಲಿಲ್ಲ. ಗಂಗಾಳವನ್ನು ಮಗುಚಿ ಅದರ ಮೇಲೆ ಕುಳಿತು ನೋಡಿದೆ. ಸಂಜೆಗೆ ಮಾಣಿಕ ಕಾಕಾ ಬಾಗಿಲಿಗೆ ಬಂದು ನಿಂತ.

"ಏನ್ರಿ ಆಯಿ, ನಿಮ್ಮ ಪೋರಿ ಇವತ್ತ ಮಲಗಿತ್ತೇನು? ಇಡೀ ಊರ ಮಳಿ ಈಕಿ ಕೈಯಾಗ ಅದ, ಈಕಿಗಿ ಖಬರೇ ಇಲ್ಲ."

ಆಯಿ ಎದ್ದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳಿಗೆ ಮಾಣಿಕ ಕಾಕಾನ ಮಾತಿನಲ್ಲೇ ನಂಬಿಕೆಯಿತ್ತೆಂದು ನನಗೆ ಗೊತ್ತು. ಈಗ ನನ್ನನ್ನು ಅವನಿಗೆ ಒಪ್ಪಿಸಿಬಿಡುತ್ತಾಳೆಂದು ಉಣ್ಣೆಯ ಮೂಟೆಯ ಹಿಂದೆ ಸರಿದೆ.

"ನಿನ್ನ ಗಂಗಾಳ ಒಯ್ಯಿ. ಒಂದೂವರಿ ವರ್ಷದಿಂದ ಅವ್ವನ ಮಾರಿ ನೋಡಿಲ್ಲ ಈ ಕೂಸು. ಈಕಿಗಿ ಮಳಿ ಬ್ಯಾಡಾಗ್ಯಾದೇನು? ಬಡಿಲಾಕ ನಿನಗ ಕೈ ಇಲ್ಲೇನು?"

ಅವನು ಗಂಗಾಳ ತೆಗೆದುಕೊಂಡು ಹೋದ. ಬೇರೆ ಯಾರೋ ಬಡಿಯತೊಡಗಿದರು. ಬಾವಿಯ ಹತ್ತಿರ ಹೆಂಗಸರು ನನ್ನ ಕೊಡ ಬಂದರೆ ಮಾತು ನಿಲ್ಲಿಸುತ್ತಿದ್ದರು. ಆಯಿ ಆ ವಿಷಯವನ್ನು ಮತ್ತೆ ಎತ್ತಲಿಲ್ಲ, ನನ್ನನ್ನು ನಂಬಿದೆನೆಂದೂ ಹೇಳಲಿಲ್ಲ. ನಾನು ದಿನವೂ ಮಾಳಿಗೆ ಹತ್ತಿದೆ, ಬರಿಗೈಯಲ್ಲಿ. ಕಾವಲು ತಪ್ಪಿದ ಮೇಲೆ ಉಳಿದದ್ದು ಬರೀ ನೋಡುವುದು. ಅದರೊಳಗೆ ಕುಳಿತವನಿಗೆ ಏನು ಕಾಣಬಹುದು, ತಿರುಗಬೇಕೆಂದು ಅವನಿಗೆ ಹೇಗೆ ತಿಳಿಯುತ್ತದೆ, ಒಬ್ಬನೇ ಇದ್ದರೆ ಭಯವಾಗುವುದಿಲ್ಲವೇ ಎಂದೆಲ್ಲ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ನಾನು ಅದರಲ್ಲಿ ಹೋಗಬೇಕೆಂದು ನಿಶ್ಚಯಿಸಿದ ಗಳಿಗೆಯೊಂದು ಇರಲೇಬೇಕು, ಆದರೆ ಅದು ಯಾವುದೆಂದು ನೆನಪಿಲ್ಲ. ಒಂದು ದಿನ ನೋಡಿದರೆ ಆ ಆಸೆ ಆಗಲೇ ಒಳಗೆ ಬಂದು ಕುಳಿತಿತ್ತು.

ಮಳೆ ಬಂದದ್ದು ಮುಂದಿನ ಮೃಗಶಿರಕ್ಕೆ. ವಿಮಾನ ಹಾರಿದ ದಿನವೂ ಬಂತು, ಹಾರದ ದಿನವೂ ಬಂತು. ಯಾರೂ ಅದರ ಮಾತೇ ಎತ್ತಲಿಲ್ಲ. ಮಾಣಿಕ ಕಾಕಾ ಬಿತ್ತನೆಯ ಬೀಜ ಮಾರುವುದರಲ್ಲಿ ಮುಳುಗಿದ. ಮಳೆ ಬಿದ್ದ ಕೂಡಲೇ ಎಂದಿದ್ದ ಅವ್ವ ಮಾತ್ರ ಬರಲಿಲ್ಲ. ಮುಂಬೈಗೆ ಹೋದವರು ಬಂದರು, ಹೈದರಾಬಾದಿನವರು ಬಂದರು, ದೊಡ್ಡಿಯಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆಯಿತು. ನಾನು ದಾರಿ ನೋಡುವುದನ್ನು ಬಿಟ್ಟ ಮೇಲೆ, ಒಂದು ಸಂಜೆ ಮಾಳಿಗೆಯ ಮೇಲಿದ್ದಾಗ, ಕುರಿಗಳ ಸದ್ದು ಕೇಳಿತು. ಹೋದಾಗ ಇದ್ದದ್ದರಲ್ಲಿ ಅರ್ಧವೂ ಇರಲಿಲ್ಲ. ಹಿಂದೆ ಅಪ್ಪ, ಅವನ ಹಿಂದೆ ಅವ್ವ, ಅವ್ವನ ಸೊಂಟದ ಮೇಲೊಂದು ಕೂಸು. ದಾರಿಯಲ್ಲೇ ಹುಟ್ಟಿದ ನನ್ನ ತಮ್ಮ. ಅದು ಅವಳ ಕೊರಳಿನ ಕರಿಮಣಿ ಹಿಡಿದುಕೊಂಡಿತ್ತು, ತನ್ನ ಆಸ್ತಿಯೆಂಬ ಹಾಗೆ. ನಾನು ಇಳಿಯಲಿಲ್ಲ. ಎಷ್ಟು ದಿನ ಕನಸು ಕಂಡಿದ್ದೆ, ಓಡಿಹೋಗಿ ಅವಳ ಕಾಲು ತಬ್ಬಬೇಕೆಂದು. ಸಿಟ್ಟೋ ನಾಚಿಕೆಯೋ ಇಂದಿಗೂ ತಿಳಿಯದು. ಅವ್ವ ಕೂಸನ್ನು ಆಯಿಯ ಮಡಿಲಿಗೆ ಹಾಕಿ, ನಿಚ್ಚಣಿಕೆ ಹತ್ತಿ ಬಂದು ನನ್ನ ಪಕ್ಕ ಕುಳಿತಳು. ಅವಳಿಂದ ಕುರಿಯ ವಾಸನೆ ಬರುತ್ತಿತ್ತು. ನಾನು ಉಸಿರನ್ನು ಜೋರಾಗಿ ಎಳೆದುಕೊಂಡೆ.

"ಸಿಟ್ಟಿಗಿ ಬಂದಿ?"

ನಾನು ಹೌದೆಂದು ತಲೆಯಾಡಿಸಿದೆ.

"ಬರಬೇಕು. ಮಳಿ ಆದ ಕೂಡ್ಲೇ ಬರಾದಿತ್ತು, ಕೂಸಿನ ಮೈಯಾಗ ಜ್ವರ ಇತ್ತವ್ವ. ಇನ್ನ ಬಿಟ್ಟು ಹೋಗಂಗಿಲ್ಲ ನಿನ್ನ. ದಿವಾಳಿಗಿ ಹೊಂಟಾಗ ನೀನೂ ಬಾ. ತಮ್ಮನ್ನ ಎತಗೊಂಡು ನಡಿ."

ಎರಡು ವರ್ಷ ಈ ಮಾತಿಗಾಗಿ ಕಾದಿದ್ದೆ. ಬಾಯಿಂದ ಬೇರೆಯೇ ಬಂತು.

"ನಾ ಬರಂಗಿಲ್ಲ. ಸಾಲಿಗಿ ಹೋಗ್ತೇನಿ. ದೊಡ್ಡಾಕಿ ಆಗಿ ವಿಮಾನದಾಗ ಕುಂದ್ರತೇನಿ. ನಾನೇ ನಡಸ್ತೇನಿ."

ಆಯಿಯಾಗಿದ್ದರೆ ಬೈಯುತ್ತಿದ್ದಳು, ಊರಾಗಿದ್ದರೆ ನಗುತ್ತಿತ್ತು. ಅವ್ವ ಮುಳ್ಳು ಚುಚ್ಚಿ ಗಟ್ಟಿಯಾಗಿದ್ದ ತನ್ನ ಅಂಗಾಲನ್ನು ಉಜ್ಜಿಕೊಂಡಳು.

"ಅಲ್ಲಿ ಗದ್ದಿ ಮ್ಯಾಲಿಂದ ದೊಡ್ಡ ವಿಮಾನ ಹೋಗ್ತಾವ, ಹೈದ್ರಾಬಾದಿಗಿ. ಕಂಡಾಗೊಮ್ಮೆ ಅನ್ಕೋತಿದ್ದೆ, ಇದು ನಮ್ಮ ಮನಿ ಮ್ಯಾಲ ಹಾದು ಬಂದದ, ನನ್ನ ರುಕ್ಮಿನ ನೋಡಿ ಬಂದದ ಅಂತ. ಕೈ ಮುಗೀತಿದ್ದೆ ನೋಡು, ನಿಮ್ಮಪ್ಪ ನಗ್ತಿದ್ದ." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಮ್ಯಾಲ ಕುಂತವ್ರಿಗಿ ಕೆಳಗಿನವ್ರು ಕಾಣ್ತಾರೇನು?"

ನನಗೇನು ಗೊತ್ತು? "ಕಾಣ್ತಾರ" ಎಂದೆ, ಗಟ್ಟಿಯಾಗಿ.

"ಹಂಗಾದ್ರ ಹೋಗು."

ನನಗೆ ಅಳು ಬಂದದ್ದು ಆಗ. ಅವಳು ನನ್ನನ್ನು ಮಡಿಲಿಗೆ ಎಳೆದುಕೊಂಡಳು, ಕೆಳಗೆ ಕೂಸು ಚೀರುತ್ತಿದ್ದರೂ ಏಳಲಿಲ್ಲ. ಹೆಣ್ಣುಹುಡುಗಿಯನ್ನು ಊರು ಬಿಟ್ಟು ಕಳಿಸುವುದುಂಟೇ ಎಂದು ಆಯಿ ದೀಪಾವಳಿಯವರೆಗೂ ಜಗಳವಾಡಿದಳು. ಅವ್ವ ಎದುರಾಡಲೂ ಇಲ್ಲ, ಬಗ್ಗಲೂ ಇಲ್ಲ. ಆ ವರ್ಷ ಕುರಿಯ ಜೊತೆ ಅಪ್ಪ ಒಬ್ಬನೇ ಹೋದ. ಅವ್ವ ನನ್ನನ್ನು ಭಾಲ್ಕಿಯ ಹಾಸ್ಟೆಲಿಗೆ ಬಿಟ್ಟು ಬಂದಳು. ಭಾಲ್ಕಿಯಾದ ಮೇಲೆ ಬೀದರಿನ ಕಾಲೇಜು, ಆಮೇಲೆ ಸರ್ಕಾರದ ವಿದ್ಯಾರ್ಥಿವೇತನದಿಂದ ಹಾರಾಟದ ಶಾಲೆ. ಅಲ್ಲೆಲ್ಲ ನಾನು ಒಬ್ಬಳೇ. ನನ್ನ ಮಾತಿಗೆ ನಗುವವರು, ನನ್ನ ಊರಿನ ಹೆಸರು ಕೇಳಿ ಹುಬ್ಬೇರಿಸುವವರು ಸಾಕಷ್ಟಿದ್ದರು. ಪಕ್ಕದಲ್ಲಿ ಗುರುಗಳಿಲ್ಲದೆ ಮೊದಲ ಸಲ ಹಾರಿ ಇಳಿದ ದಿನ ಅವರು ಕೇಳಿದರು, ಪಕ್ಕದ ಕುರ್ಚಿ ಖಾಲಿಯಿದ್ದದ್ದು ನೋಡಿ ಭಯವಾಗಲಿಲ್ಲವೇ ಎಂದು. ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಖಾಲಿ ಜಾಗದ ಪಕ್ಕದಲ್ಲೇ ನಾನು ಬೆಳೆದವಳು.

ದೊಡ್ಡ ವಿಮಾನದಲ್ಲಿ ಮೊದಲ ಸಲ ನಮ್ಮ ಸೀಮೆಯ ಮೇಲೆ ಹಾದುಹೋದಾಗ ಕಿಟಕಿಗೆ ಹಣೆ ಆನಿಸಿ ನೋಡಿದೆ. ಸುಟ್ಟ ರೊಟ್ಟಿಯ ಬಣ್ಣದ ನೆಲ, ಮಾಂಜ್ರಾ ನದಿಯ ಒಂದು ಬಾಗು, ಅಷ್ಟೇ. ಎಕಂಬಾ ಎಲ್ಲಿದೆಯೆಂದೇ ತಿಳಿಯಲಿಲ್ಲ. ಮನುಷ್ಯರು ಕಾಣುವುದಂತೂ ದೂರದ ಮಾತು. ರಜೆಗೆ ಮನೆಗೆ ಹೋದಾಗ ಅವ್ವ ರೊಟ್ಟಿ ತಟ್ಟುತ್ತಾ, ನನ್ನ ಮುಖ ನೋಡದೆ ಕೇಳಿದಳು.

"ನಮ್ಮ ಮ್ಯಾಲಿಂದ ಹೋದಿ?"

"ಹೋದೆ ಅವ್ವ."

"ಕಂಡೆನಾ ನಾ?"

"ಕಂಡಿ. ಅಂಗಳದಾಗ ನಿಂತಿದ್ದಿ. ಹಸರ ಸೀರಿ ಉಟಗೊಂಡಿದ್ದಿ."

ಅವ್ವನ ಕೈ ಹಿಟ್ಟಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ತಟ್ಟತೊಡಗಿದಳು.

"ಹೌದು. ಅದೇ ಉಟ್ಟಿದ್ದೆ ನೋಡು ಅವತ್ತ."

ಮರುದಿನ ಹೊದೆಯಲು ಏನಾದರೂ ಬೇಕೆಂದು ಅವಳ ಪೆಟ್ಟಿಗೆ ತೆರೆದೆ. ಎರಡು ಕೆಂಪು ಇಳಕಲ್ಲು ಸೀರೆ, ಒಂದು ನೀಲಿ. ಹಸಿರು ಬಣ್ಣದ್ದು ಒಂದೂ ಇರಲಿಲ್ಲ.